ನೀಲವ್ವನ ಪುಟ ನೋಡುವ ಶಾಸ್ತ್ರ

ನನ್ನ ಫೋನಿನಲ್ಲಿ ಏನು ತೆರೆದರೂ ಸ್ವಲ್ಪ ಸೊಟ್ಟಗೇ ಕಾಣುತ್ತದೆ. ದೇವರ ಫೋಟೋ ತೆರೆದರೆ ಕಿರೀಟ ಎಡಕ್ಕೆ ವಾಲಿರುತ್ತದೆ. ಬಸ್ಸಿನ ವೇಳೆ ನೋಡಹೋದರೆ ಅಕ್ಷರಗಳೆಲ್ಲ ಜಾರಿ ಒಂದು ಮೂಲೆಗೆ ಬಿದ್ದಿರುತ್ತವೆ. "ಅದು ನಿನ್ನ ಬಾಯಿ ಇದ್ದಂಗ ಐತಿ. ಎಲ್ಲಾದರಾಗೂ ಕೊಂಕು ಹುಡುಕತೈತಿ" ಎಂದು ನನ್ನ ಗಂಡ ಅನ್ನುತ್ತಾನೆ. ಅನ್ನಲಿ. ಅವನ ಫೋನು ಮಧ್ಯಾಹ್ನ ಊಟವಾದ ಮೇಲೆ ಏನನ್ನೂ ತೆರೆಯುವುದಿಲ್ಲ, ಮುಟ್ಟಿದರೆ ಆಕಳಿಸಿದ ಹಾಗೆ ಒಮ್ಮೆ ಬೆಳಗಿ ಮತ್ತೆ ಕಪ್ಪಾಗುತ್ತದೆ. ಅದರ ಬಗ್ಗೆ ನಾನು ಏನಾದರೂ ಅಂದಿದ್ದೇನೆಯೇ?

ನಮ್ಮೂರಲ್ಲಿ ಇದು ಹೀಗೇ. ಫೋನಾಗಲಿ, ಕಂಪ್ಯೂಟರಾಗಲಿ, ಒಬ್ಬರ ಕೈಯಲ್ಲಿ ಒಂದು ಮಳೆಗಾಲ ಕಳೆಯಿತೆಂದರೆ ಅವರ ಸ್ವಭಾವ ಅದಕ್ಕೆ ಅಂಟಿಕೊಂಡುಬಿಡುತ್ತದೆ. ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಒಂದು ಓಣಿಯ ಬಾವಿಯ ನೀರು ಸಿಹಿ, ಪಕ್ಕದ ಓಣಿಯದು ಸವಳು; ಅದಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ? ಕೊಡ ಹಿಡಿದುಕೊಂಡು ಸಿಹಿ ನೀರಿನ ಕಡೆಗೆ ಹೋಗುತ್ತಾರೆ, ಅಷ್ಟೆ. ಬ್ರೌಸರ್ ಬದಲಿಸಿ ನೋಡಿದವರಿದ್ದಾರೆ. ಅದರಿಂದ ಸ್ವಭಾವವೇನೂ ಬದಲಾಗುವುದಿಲ್ಲ, ಫೋನಿಗೆ ಸಿಟ್ಟು ಬರುತ್ತದೆ ಅಷ್ಟೆ.

ಹಾಗಾಗಿ ಯಾರೇ ಹೊಸ ವೆಬ್‌ಸೈಟು ಮಾಡಿಸಲಿ, ಅದನ್ನು ನಮ್ಮೂರಲ್ಲಿ ಪುಟ ಅನ್ನುತ್ತೇವೆ, ಅದು ಎಲ್ಲರ ಕಣ್ಣಿಗೂ ನೆಟ್ಟಗೆ ಕಾಣುತ್ತದೋ ಇಲ್ಲವೋ ಎಂದು ಓಣಿ ಓಣಿ ತಿರುಗಿ ನೋಡಬೇಕು. ಆ ಕೆಲಸ ನನ್ನದು. ಹೆಸರು ದಾಕ್ಷಾಯಣಿ. ಪುಟದಲ್ಲಿ ಕೊಂಕು ಕಂಡರೆ ತಿದ್ದುತ್ತೇನೆ, ಮತ್ತೆ ಒಯ್ದು ತೋರಿಸುತ್ತೇನೆ. ಹೀಗೆ ತೋರಿಸುವುದಕ್ಕೇ ಒಂದು ಶಾಸ್ತ್ರವಿದೆ. ಹೆಣ್ಣು ನೋಡಲು ಬಂದ ಹಾಗೆಯೇ ಅದು. ಓಣಿಗೊಂದು ಮನೆ. ಹೋದವರಿಗೆ ಶಿರಾ, ಉಪ್ಪಿಟ್ಟು, ಚಹಾ. ಮನೆಯ ಯಜಮಾನರು ತಮ್ಮ ಫೋನಿನಲ್ಲಿ ಪುಟ ತೆರೆದು, ಮೇಲಿನಿಂದ ಕೆಳಗಿನವರೆಗೆ ನೋಡಿ, "ಒಪ್ಪಿತು" ಅನ್ನಬೇಕು. ಅಂದ ಕೂಡಲೇ ಬಾಯಿಗೆ ಸಕ್ಕರೆ ಹಾಕುತ್ತಾರೆ. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಹಿಂದಕ್ಕಿಲ್ಲ. ಕೊನೆಯ ಮನೆ ಮಾತ್ರ ಅದೇ ಕಸುಬಿನ ಹಿರಿಯರದ್ದೇ ಆಗಬೇಕು. ಅಕ್ಕಸಾಲಿಯ ಪುಟಕ್ಕೆ ಹಿರಿಯ ಅಕ್ಕಸಾಲಿ, ಸಿಂಪಿಗನ ಪುಟಕ್ಕೆ ಹಿರಿಯ ಸಿಂಪಿಗ. ಯಾವುದೇ ಒಂದು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲವೋ, ಆ ಪುಟ ಮುಂದಿನ ವರ್ಷದವರೆಗೆ ಮುಚ್ಚಿಯೇ ಇರಬೇಕು.

ಈ ಕಾರಣಕ್ಕೇ ನೀಲವ್ವ ನಮ್ಮ ಮನೆಗೆ ಬಂದು ಪುಟ ಮಾಡಿಸಬೇಕು ಅಂದಾಗ ನನ್ನ ಎದೆ ಧಸಕ್ಕೆಂದದ್ದು.

ನೀಲವ್ವ ನನ್ನ ಗೆಳತಿ. ಇಪ್ಪತ್ತು ವರ್ಷ ವಿರೂಪಾಕ್ಷಯ್ಯನವರ ಕೈಕೆಳಗೆ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವಳು. ವಿರೂಪಾಕ್ಷಯ್ಯನವರು ನಮ್ಮೂರಿನ ಅಡುಗೆ ಕಂತ್ರಾಟುದಾರರಲ್ಲಿ ಎಲ್ಲರಿಗಿಂತ ಹಿರಿಯರು, ಅಂದರೆ ಕೊನೆಯ ಮನೆ ಅವರದೇ. ಅವರ ಮೀಸೆ ಅವರಿಗಿಂತ ಮೊದಲು ಬಾಗಿಲು ದಾಟಿ ಒಳಗೆ ಬರುತ್ತದೆ. ಒಲೆಯ ಮುಂದೆ ಬೇಯುವವಳು ನೀಲವ್ವ, ಪಂಕ್ತಿಯ ನಡುವೆ ಹೆಗಲ ಮೇಲೆ ಶಲ್ಯ ಹಾಕಿಕೊಂಡು ಓಡಾಡುವವರು ಅವರು. ಹೋದ ವರ್ಷದ ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕಟ್ಟಿನ ಸಾರನ್ನು ಅಂಗೈಗೆ ಹಾಕಿಸಿಕೊಂಡು ಹೀರಿ, "ಇದು ಯಾರ ಕೈಯಾಂದ್ರೀ? ಜನ್ಮದಾಗ ಇಂಥಾ ಸಾರು ಉಂಡಿದ್ದಿಲ್ಲ" ಅಂದರಂತೆ. ವಿರೂಪಾಕ್ಷಯ್ಯನವರು ಮೀಸೆ ತಿರುವಿ, "ಕೈ ನಂದ್ರಿ" ಅಂದರು. ನೀಲವ್ವ ಎರಡು ಹೆಜ್ಜೆ ಹಿಂದೆ ಸಾರಿನ ಬಕೀಟು ಹಿಡಿದುಕೊಂಡು ನಿಂತಿದ್ದಳು. ಬಕೀಟನ್ನು ಅಲ್ಲೇ ಇಟ್ಟು ಮನೆಗೆ ನಡೆದಳು.

"ಹೋಗ್ಲಿ ಬಿಡು" ಅಂದರಂತೆ ಅವರು. "ಲಗ್ನದ ತಿಂಗಳು ಬಂತಂದ್ರ ತಾನ ಬರ್ತಾಳ. ಆಕೀ ಸೌಟು ಗೂಟಕ್ಕ ತೂಗುಹಾಕಿರ್ತೀನಿ."

ಈಗ ಆ ಲಗ್ನದ ತಿಂಗಳೇ ಹತ್ತಿರ ಬಂದಿತ್ತು. ಪಂಚಾಯಿತಿ ಅಧ್ಯಕ್ಷೆ ಕಸ್ತೂರಮ್ಮನವರ ಮಗಳ ಮದುವೆಯೂ ಗೊತ್ತಾಗಿತ್ತು. ಅಡುಗೆ ಯಾರಿಗೆ ಎಂದು ಕೇಳಿದರೆ ಕಸ್ತೂರಮ್ಮ, "ಪುಟಾ ತೆರದವರಿಗೆ ಕೊಡ್ತೀನವಾ. ಹೆಸರಿಲ್ಲದವರಿಗೆ ಕೊಟ್ರ ನಾಳೆ ಸಾರಿಗೆ ಉಪ್ಪಿಲ್ಲಂದ್ರ ಯಾರನ್ನ ಹಿಡೀಲಿ?" ಅಂದಿದ್ದರು. ನೀಲವ್ವನ ಪುಟ ತೆರೆದರೆ ಆ ಮದುವೆಗೆ ಅವಳದೇ ಅಡುಗೆ. ತೆರೆಯದಿದ್ದರೆ ಹೊಟ್ಟೆಪಾಡಿಗೆ ಮತ್ತೆ ಅಯ್ಯನವರ ಗೂಟದ ಸೌಟು.

"ಆ ಸೌಟು ಮುಟ್ಟೂದಕ್ಕಿಂತ ಬಾವಿ ನೋಡ್ಕೋತೀನಿ ದಾಕ್ಷಾ" ಎಂದಳು ನೀಲವ್ವ.

"ಬಾವಿಗೆ ಬಿದ್ರ ನೀರು ಕೆಡ್ತಾವ. ಮೊದಲ ಒಂದು ಫೋಟೋ ತೆಗಿಸ್ಕೋ" ಎಂದೆ ನಾನು.

ಪುಟ ಚೆನ್ನಾಗಿಯೇ ಬಂತು. ಮೇಲೆ ನೀಲವ್ವ ಸೌಟು ಹಿಡಿದು ನಿಂತ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ 'ನೀಲವ್ವನ ಅಡುಗೆ', ಆಮೇಲೆ ಹೋಳಿಗೆ, ಮಾದಲಿ, ಎಣ್ಣೆಗಾಯಿ, ಕಟ್ಟಿನ ಸಾರಿನ ಚಿತ್ರಗಳು, ಕಟ್ಟಕಡೆಗೆ ಅಡುಗೆ ಹೇಳಲು ಒತ್ತುವ ಗುಂಡಿ. ನನ್ನ ಫೋನಿನಲ್ಲಿ ಹೋಳಿಗೆ ಸೊಟ್ಟಗಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಪೇಟೆ ಓಣಿಯಿಂದ ಶುರು ಮಾಡಿದೆವು. ಕಿರಾಣಿ ಅಂಗಡಿಯ ಬಸಲಿಂಗಪ್ಪನವರ ಫೋನು ಅವರಷ್ಟೇ ಜಿಪುಣ. ಇಡೀ ಹೋಳಿಗೆ ಹಾಕಿದ್ದರೆ ಅದರಲ್ಲಿ ಅರ್ಧ ಹೋಳಿಗೆ ಕಾಣುತ್ತಿತ್ತು. ಎಣ್ಣೆಗಾಯಿಯಲ್ಲಿ ಎಣ್ಣೆಯೇ ಇರಲಿಲ್ಲ. ಚಿತ್ರ ದೊಡ್ಡದು ಮಾಡಿದೆ, ಫೋನು ಇನ್ನಷ್ಟು ಕತ್ತರಿಸಿ ತೋರಿಸಿತು. ಕಡೆಗೆ ಪುಟದ ನೆತ್ತಿಯ ಮೇಲೆ 'ಎರಡನೇ ಸಲ ಬಡಿಸಿದ್ದಕ್ಕೆ ದುಡ್ಡಿಲ್ಲ' ಎಂದು ಬರೆಸಿದೆ. ಅಬ್ಬಬ್ಬಾ! ಫೋನು ಕಣ್ಣರಳಿಸಿದ ಹಾಗೆ ಇಡೀ ಪುಟ ಬಿಚ್ಚಿಕೊಂಡಿತು. ಬಸಲಿಂಗಪ್ಪನವರು ಒಪ್ಪಿತು ಅಂದರು. ಸಕ್ಕರೆಯನ್ನು ಮಾತ್ರ ಅರ್ಧ ಚಮಚ ಸಾಕು ಅಂದರು.

ಆದರೆ ಅಲ್ಲಿ ಸರಿ ಮಾಡಿದ್ದು ಮುಂದಿನ ಓಣಿಯಲ್ಲಿ ಕೆಟ್ಟಿತು. ಈ ಕೆಲಸದ ಹಣೆಬರಹವೇ ಅದು, ಅತ್ತೆಯನ್ನು ಸಮಾಧಾನ ಮಾಡಿದರೆ ಸೊಸೆ ಮುನಿಸಿಕೊಳ್ಳುತ್ತಾಳೆ. ನಿವೃತ್ತ ಹೆಡ್‌ಮಾಸ್ತರರ ಕಂಪ್ಯೂಟರು 'ದುಡ್ಡಿಲ್ಲ' ಎಂಬುದಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಕೆಂಪಗೆ 'ಯಾಕೆ?' ಎಂದು ಕೇಳಿ, ಅಲ್ಲಿಂದ ಕೆಳಗೆ ಸರಿಯಲೇ ಒಲ್ಲೆ ಅಂದಿತು. ಏನು ಮಾಡಿದರೂ ಯಾಕೆ, ಯಾಕೆ, ಯಾಕೆ. ನನಗೂ ತಲೆ ಚಿಟ್ಟು ಹಿಡಿದು, 'ಹಿರಿಯರು ಸಲಹೆ ಕೊಡಲು ಇಲ್ಲಿ ಒತ್ತಿ' ಎಂದು ಒಂದು ಗುಂಡಿ ಇಟ್ಟೆ. ಆ ಗುಂಡಿ ಅವರ ಕಂಪ್ಯೂಟರಿನಲ್ಲಿ ಅರ್ಧ ಪರದೆ ಆಕ್ರಮಿಸಿತು. ಆಕ್ರಮಿಸಲಿ, ಪುಟ ಸರಾಗವಾಗಿ ಸರಿಯಿತಲ್ಲ. ಮಾಸ್ತರರು ಆ ಗುಂಡಿಯನ್ನು ಇವತ್ತಿಗೂ ಒತ್ತುತ್ತಿದ್ದಾರೆ.

ಕುಂಬಾರ ಓಣಿಯ ಮನೆಯಲ್ಲಿ ಫೋನು ಇದ್ದದ್ದು ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯ ಹತ್ತಿರ ಮಾತ್ರ, ಹಾಗಾಗಿ ನೋಡುವವಳು ಅವಳೇ. ಪುಟ ತೆರೆದದ್ದೇ ಚಿತ್ರಗಳೆಲ್ಲ ಒಂದರ ಹಿಂದೆ ಒಂದು ಅವಿತು ನಿಂತವು. ಹೋಳಿಗೆಯ ಹಿಂದೆ ಮಾದಲಿ, ಮಾದಲಿಯ ಹಿಂದೆ ನೀಲವ್ವ. ನಾನು ಪುಟವನ್ನು ತಿರುವಿ ಮುರುವಿ ನೋಡಿದೆ, ಏನೂ ಕೊಂಕು ಸಿಗಲಿಲ್ಲ. ಆಮೇಲೆ ನೋಡಿದರೆ ಹುಡುಗಿಯ ಅತ್ತೆ ಅವಳ ಬೆನ್ನ ಹಿಂದೆಯೇ ನಿಂತು ಬಗ್ಗಿ ನೋಡುತ್ತಿದ್ದರು. "ಅಕ್ಕಾರ, ಶಿರಾ ಭಾಳ ಚಂದ ಆಗೇತಿ, ಇನ್ನೊಂದಿಷ್ಟು ಹಾಕ್ರಲಾ" ಎಂದೆ. ಅವರು ಹಿಗ್ಗಿ ಒಳಗೆ ಹೋದದ್ದೇ ತಡ, ಚಿತ್ರಗಳೆಲ್ಲ ಒಂದೊಂದಾಗಿ ಹೊರಗೆ ಬಂದು ಸಾಲಾಗಿ ನಿಂತವು. ಹುಡುಗಿ ಸಣ್ಣ ದನಿಯಲ್ಲಿ ಒಪ್ಪಿತು ಅಂದಳು. ನಾನು ಮಾತ್ರ ಬೇಡವಾದ ಶಿರಾ ತಿನ್ನಬೇಕಾಯಿತು.

ಹೀಗೆ ಒಂದೊಂದೇ ಓಣಿ ಗೆದ್ದುಕೊಂಡು ಕೊನೆಯ ಮನೆಯವರೆಗೆ ಬಂದೆವು. ಕೊನೆಯ ಮನೆಗೆ ಮಾತ್ರ ಶಾಸ್ತ್ರದ ಹಿಂದಿನ ದಿನ ನಾನೊಬ್ಬಳೇ ಹೋಗಿ ಅವರ ಫೋನಿನಲ್ಲಿ ಪುಟ ನೋಡಿ ಬರುವುದು ಪದ್ಧತಿ. ಯಜಮಾನರು ಆಗ ನೋಡುವಂತಿಲ್ಲ, ಮದುಮಗ ಅಂತರಪಟ ಸರಿಸಿ ನೋಡಬಾರದಲ್ಲ, ಹಾಗೆ. ಕೊಂಕು ಕಂಡರೆ ನಾನು ಪುಟದವರಿಗೆ ಮಾತ್ರ ಹೇಳಬೇಕು, ಬೇರೆಯವರೆದುರು ಬಾಯಿ ಬಿಡುವಂತಿಲ್ಲ.

ವಿರೂಪಾಕ್ಷಯ್ಯನವರು ತೂಗುಮಂಚದ ಮೇಲಿದ್ದರು. ಪಡಸಾಲೆಯ ಗೂಟದಲ್ಲಿ ನೀಲವ್ವನ ಸೌಟು ನೇತಾಡುತ್ತಿತ್ತು, ಬಂದವರಿಗೆಲ್ಲ ಕಾಣಲಿ ಎಂದೇ. "ನೋಡ್ಕೋ ಹೋಗವಾ ದಾಕ್ಷಾಯಣಿ" ಎಂದು ಫೋನನ್ನು ಚಾಚಿದರು. "ಏನ್ ನೋಡಿದ್ರೇನು? ಅಡಿಗಿ ಅಂದ್ರ ಈ ಊರಾಗ ಕಣ್ಮುಂದ ಬರೂದು ಒಂದ ಮಾರಿ."

ಪುಟ ತೆರೆದೆ. ಅವರು ಅಂದದ್ದು ಖರೇ ಆಗಿತ್ತು. ಬಂದದ್ದು ಒಂದೇ ಮಾರಿ, ಒಂದೇ ಮುಖ.

ನೀಲವ್ವನ ಸೀರೆ, ನೀಲವ್ವ ನಿಂತ ಭಂಗಿ, ನೀಲವ್ವ ಹಿಡಿದ ಸೌಟು. ಕುತ್ತಿಗೆಯ ಮೇಲೆ ಮಾತ್ರ ವಿರೂಪಾಕ್ಷಯ್ಯನವರ ತಲೆ, ಮೀಸೆ ಸಮೇತ. ಕೆಳಗೆ ದಪ್ಪಕ್ಷರದಲ್ಲಿ 'ವಿರೂಪಾಕ್ಷಯ್ಯನವರ ಅಡುಗೆ'. ನಗು ಬಂತೋ ಸಿಟ್ಟು ಬಂತೋ ಇವತ್ತಿಗೂ ಹೇಳಲಾರೆ. ತುಟಿ ಕಚ್ಚಿ ಹಿಡಿದು ಹಿತ್ತಲಿಗೆ ಹೋಗಿ ಕೂತೆ. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೂಡಿದೆ. ಫೋಟೋ ಸಣ್ಣದು ಮಾಡಿದರೆ ಮೀಸೆ ಮಾತ್ರ ಮೊದಲಿನಷ್ಟೇ ಉಳಿಯಿತು. ಫೋಟೋ ತೆಗೆದು ಬರೀ ಸಾರಿನ ಪಾತೇಲಿಯ ಚಿತ್ರ ಹಾಕಿದೆ. ಸಾರಿನ ಮೇಲೆ, ಒಗ್ಗರಣೆಯ ಕರಿಬೇವಿನ ನಡುವೆ, ಅವರ ಮುಖ ತೇಲಿ ಬಂದು ನನ್ನನ್ನೇ ನೋಡಿತು. ಫೋನನ್ನು ಅವರಿಗೆ ಕೊಟ್ಟು, ಚಹಾ ಕುಡಿಯದೆ ಎದ್ದು ಬಂದೆ.

ಕಂಡದ್ದನ್ನೆಲ್ಲ ನೀಲವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಪರಾತವನ್ನು ದೂಡಿದಳು. "ಇಪ್ಪತ್ತು ವರ್ಷ ಹೊಗಿ ಕುಡದೀನಿ. ಈ ಕೈ ನೋಡಿಲ್ಲಿ, ಎಣ್ಣಿ ಸಿಡದು ಸಿಡದು ಕೂದಲನ ಹುಟ್ಟಂಗಿಲ್ಲ. ಫೋನಿನೊಳಗೂ ನನ್ನ ಬಿಡೂದಿಲ್ಲೇನ ಆ ಮನಿಶಾ?" ಎಂದು ಅತ್ತಳು. ನನಗೂ ಅಳು ಬಂತು. ನಮ್ಮೂರಲ್ಲಿ ಪುಟವನ್ನು ತಿದ್ದಬಹುದು, ಮನುಷ್ಯರನ್ನು ತಿದ್ದುವ ಕೆಲಸ ನನಗೆ ಯಾರೂ ಕಲಿಸಿರಲಿಲ್ಲ.

"ನಾಳೆ ಅವರು ನೋಡಿ, ಇದು ನನ್ನ ಪುಟಾ ಅಂತಾರ. ಕಸ್ತೂರಮ್ಮ ಕೆಟ್ಟೈತಿ ಅಂತ ಮುಚ್ಚಸ್ತಾರ. ಮುಗೀತು" ಎಂದೆ.

ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ದಾಕ್ಷಾ, ತಲಿ ಒಂದ ಬದಲಾಗೇತಿ ಅಂದಿ. ಕೈ?"

"ಕೈ ನಿಂದ."

"ಫೋಟೋದೊಳಗ ನನ್ನ ಕೈಯಾಗ ಏನಿತ್ತು?"

"ಸೌಟು."

"ಬಳಿ ಇದ್ದಿಲ್ಲ ಹೌದಿಲ್ಲೋ? ಒಲಿ ಮುಂದ ಇರ್ತೀನಂತ ತಗದಿಟ್ಟಿದ್ದೆ." ಅವಳು ಎದ್ದು ನಿಂತಳು. ಅತ್ತು ಕೆಂಪಾದ ಮುಖದಲ್ಲಿ ನಗು ಮೂಡತೊಡಗಿತ್ತು. "ನಡಿ, ಬಳಿಗಾರನ ಅಂಗಡಿ ಇನ್ನೂ ತೆರದಿರತೈತಿ. ಇನ್ನೊಂದು ಫೋಟೋ ತೆಗಿ. ತಲಿ ಬೇಕಾದರ ಅವರದಾಗ್ಲಿ. ಕೈ ನಂದು."

"ಅವರು ನೋಡಿದ ಕೂಡಲೇ ಗೊತ್ತಾಗೂದಿಲ್ಲೇನ?"

"ಅವರ ಕೂಡ ಇಪ್ಪತ್ತು ವರ್ಷ ಕಳದೀನವಾ. ಕನ್ನಡಿಯೊಳಗ ಮೀಸಿ ಬಿಟ್ಟು ಮತ್ತೇನೂ ನೋಡಿದವರಲ್ಲ."

ಮೊಣಕೈವರೆಗೆ ಹಸಿರು ಗಾಜಿನ ಬಳೆ ತೊಟ್ಟು, ತಲೆಗೆ ಮಲ್ಲಿಗೆ ಮುಡಿದು, ಇಳಕಲ್ ಸೀರೆಯುಟ್ಟು ನೀಲವ್ವ ಹೊಸ ಫೋಟೋ ತೆಗೆಸಿಕೊಂಡಳು. ಉಳಿದೆಲ್ಲ ಮೊದಲಿನ ಹಾಗೆಯೇ ಇತ್ತು. ಮಲ್ಲಿಗೆ ಅವಳು ಕೇಳಿದ್ದಲ್ಲ. ಅದು ನನ್ನ ಕಿತಾಪತಿ.

ಮರುದಿನ ವಿರೂಪಾಕ್ಷಯ್ಯನವರ ಪಡಸಾಲೆ ತುಂಬಿತ್ತು. ಸಾಕ್ಷಿಗೆ ಕಸ್ತೂರಮ್ಮನವರು ಕುರ್ಚಿಯ ಮೇಲೆ, ಓಣಿಯ ಹೆಂಗಸರೆಲ್ಲ ಚಾಪೆಯ ಮೇಲೆ. ಅಯ್ಯನವರ ಹೆಂಡತಿ ಗಿರಿಜವ್ವ ಸಕ್ಕರೆ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದರು. ನೀಲವ್ವ ಗೂಟದ ಸೌಟಿಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಕೈ ನನ್ನ ಕೈಯಲ್ಲಿತ್ತು. ಅವರು ಒಂದು ಗಳಿಗೆ ಹೆಚ್ಚು ಹೊತ್ತು ನೋಡಿದರೆ ಎಲ್ಲ ಮುಗಿಯಿತು.

ವಿರೂಪಾಕ್ಷಯ್ಯನವರು ಕನ್ನಡಕ ಏರಿಸಿ ಪುಟ ತೆರೆದರು. ಹುಬ್ಬು ಮೇಲೆ ಹೋಯಿತು. ಫೋನನ್ನು ಹತ್ತಿರ ತಂದರು. ಆಮೇಲೆ ಮುಖದ ತುಂಬ ನಗು ಹರಡಿ, ಎಡಗೈ ತಾನಾಗಿ ಮೀಸೆಗೆ ಹೋಯಿತು.

"ನೀಲವ್ವಾ!" ಎಂದರು. "ನಿನ್ನ ಮ್ಯಾಲ ಸಿಟ್ಟಿತ್ತವಾ ನನಗ. ಆದರ ನೀ ಗುರುವಿನ ಮರೀಲಿಲ್ಲ. ನೆತ್ತಿ ಮ್ಯಾಲ ನನ್ನ ಇಟ್ಟೀದಿ, ಹೆಸರೂ ನಂದ ಇಟ್ಟೀದಿ."

ಕಸ್ತೂರಮ್ಮ ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ. ನನಗೆ ಬಾಯಿ ಬಿಡುವಂತಿರಲಿಲ್ಲವಲ್ಲ, ಪದ್ಧತಿ.

"ಹಂಗಾರ ಒಪ್ಪಿತೇನ್ರೀ ಅಯ್ಯಾರ?" ಎಂದು ಕೇಳಿದರು ಕಸ್ತೂರಮ್ಮ.

"ಒಪ್ಪಿತು ಅಂದ್ರ? ಒಂದಕ್ಷರ ಆಕಡೆ ಈಕಡೆ ಮಾಡಬ್ಯಾಡ್ರಿ. ಫೋಟೋ ಅಂತೂ ಇದ್ದಂಗ ಇರಲಿ. ಒಪ್ಪಿತು! ಒಪ್ಪಿತು! ತಾ ಸಕ್ರಿ."

ಗಿರಿಜವ್ವ ಬಂದು ಚಮಚದ ತುಂಬ ಸಕ್ಕರೆ ಬಾಯಿಗೆ ಹಾಕಿದರು. ಹಾಕಿ, ಗಂಡ ಅಷ್ಟು ಹಿಗ್ಗಿದ್ದು ಏನು ಕಂಡು ಎಂದು ಫೋನಿನೊಳಗೆ ಬಗ್ಗಿದರು. ಬಗ್ಗಿದವರು ಬಗ್ಗಿಯೇ ಉಳಿದರು.

"ಏನ್ರೀ ಇದು?" ಎಂದರು. "ಇಷ್ಟು ಬಳಿ ಯಾವಾಗ ಹಾಕ್ಕೊಂಡ್ರಿ? ನನಗೊಂದು ಡಜನ್ ತಂದುಕೊಡ್ರಿ ಅಂದ್ರ ಯಾವತ್ತೂ ತರಲಿಲ್ಲ!"

ಫೋನನ್ನು ಗಂಡನ ಕೈಯಿಂದ ಕಿತ್ತುಕೊಂಡರು. ಆಮೇಲೆ ಅದು ಗಿರಿಜವ್ವನ ಕೈಯಿಂದ ಚಾಪೆಗೆ, ಚಾಪೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತು. ಇಳಕಲ್ ಸೀರೆ, ತಲೆತುಂಬ ಮಲ್ಲಿಗೆ, ಮೊಣಕೈವರೆಗೆ ಹಸಿರು ಬಳೆ, ಅದರ ಮೇಲೆ ಎರಡೂ ಕಡೆ ತಿರುವಿದ ಮೀಸೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. "ಅಯ್ಯ ನಮ್ಮವ್ವಾ, ಸೀರಿ ಒಪ್ಪೇತಿ ಬಿಡ್ರಿ ಅಯ್ಯಾರ" ಎಂದು ಯಾರೋ ಅಂದರು. ವಿರೂಪಾಕ್ಷಯ್ಯನವರು ಫೋನು ಕಸಿದುಕೊಂಡು ಈ ಸಲ ಮೀಸೆಯ ಕೆಳಗೂ ನೋಡಿದರು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಸಕ್ಕರೆ ಉಗುಳೋಣವೆಂದರೆ ಅದು ಆಗಲೇ ಕರಗಿಹೋಗಿತ್ತು.

"ಇದು ಮೋಸ! ಪುಟಾ ಕೆಟ್ಟೈತಿ! ನಾ ಒಪ್ಪೂದಿಲ್ಲ!"

ಕಸ್ತೂರಮ್ಮನವರೊಬ್ಬರೇ ನಕ್ಕಿರಲಿಲ್ಲ. ಅವರು ತಮ್ಮ ಫೋನು ತೆಗೆದು ಪುಟ ನೋಡಿದರು. ಅವರದ್ದು ನ್ಯಾಯ ಹೇಳಿ ಹೇಳಿ ಹದವಾದ ಫೋನು, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಅದರಲ್ಲಿ ನೀಲವ್ವನ ಮುಖ ನೀಲವ್ವನ ಕುತ್ತಿಗೆಯ ಮೇಲೆಯೇ ಇತ್ತು. ಅದನ್ನು ಎಲ್ಲರಿಗೂ ತಿರುಗಿಸಿ ತೋರಿಸಿದರು.

"ಪುಟಾ ನೆಟ್ಟಗ ಐತ್ರಿ ಅಯ್ಯಾರ. ನಿಮ್ಮ ಬಾಯಾಗ ಸಕ್ರಿನೂ ಬಿದ್ದೈತಿ. ಒಂದ ಮಾತು ಕೇಳ್ತೀನಿ, ಹೇಳಿಬಿಡ್ರಿ. ನಿಮ್ಮ ಫೋನಿನೊಳಗ ಆ ಸೌಟು ಹಿಡದ ಕೈ ಯಾರದ್ರಿ?"

ನಗು ನಿಂತಿತು. ನೀಲವ್ವ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿತು. ವಿರೂಪಾಕ್ಷಯ್ಯನವರು ಬಾಯಿ ತೆರೆದರು. ಎಷ್ಟೋ ಮದುವೆಗಳಲ್ಲಿ ಹೇಳಿ ರೂಢಿಯಾದ ಉತ್ತರ ನಾಲಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಆದರೆ ಅಷ್ಟು ಹಸಿರು ಬಳೆ ತೊಟ್ಟ ಕೈಯನ್ನು ನಂದು ಅನ್ನುವುದು ಹೇಗೆ? ಅವರು ಹೆಂಡತಿಯ ಕಡೆ ನೋಡಿದರು, ನೆಲ ನೋಡಿದರು.

"ನೀಲವ್ವಂದು" ಎಂದರು. ದನಿ ಸಣ್ಣದಿತ್ತು, ಆದರೂ ಎಲ್ಲರಿಗೂ ಕೇಳಿತು.

ನೀಲವ್ವ ಅಳಲಿಲ್ಲ. ಎದ್ದು ಗೂಟದಿಂದ ತನ್ನ ಸೌಟು ತೆಗೆದುಕೊಂಡು, ಸೆರಗಿನಿಂದ ಧೂಳು ಒರೆಸಿ, "ಬರ್ತೀನ್ರೀ ಅಯ್ಯಾರ" ಎಂದು ನಮಸ್ಕಾರ ಮಾಡಿ ಹೊರಟಳು. ಓಣಿಯ ತಿರುವು ದಾಟಿದ ಮೇಲೆ ಗೋಡೆಗೆ ಒರಗಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ನಾನು ಸೌಟು ಹಿಡಿದುಕೊಂಡು ನಿಂತಿದ್ದೆ.

ಕಸ್ತೂರಮ್ಮನವರ ಮಗಳ ಮದುವೆಯ ಅಡುಗೆ ನೀಲವ್ವನದೇ ಆಯಿತು. ಮದುವೆಗೆ ಮುಂಚೆ ವಿರೂಪಾಕ್ಷಯ್ಯನವರು ನನ್ನ ಮನೆಗೆ ಬಂದು, ಆ ಫೋಟೋ ಹೇಗಾದರೂ ಮಾಡಿ ತೆಗೆ ಎಂದು ಗೋಗರೆದರು. ಗಿರಿಜವ್ವ ದಿನಾ ಅದನ್ನು ತೆರೆದು ನೋಡಿ ನಗುತ್ತಾರಂತೆ. "ಪುಟದಾಗ ಕೊಂಕಿಲ್ರೀ ಅಯ್ಯಾರ. ಫೋನಿಂದು ನನ್ನ ಕೈಯಾಗಿಲ್ಲ, ನಿಮ್ಮ ಕೈಯಾಗೈತಿ" ಎಂದೆ. ನನ್ನ ಫೋನಿನ ಹಾಗೆ ನನ್ನ ಬಾಯಿಯೂ ಸ್ವಲ್ಪ ಸೊಟ್ಟ ಎಂದು ಮೊದಲೇ ಹೇಳಿದ್ದೇನೆ.

ಮದುವೆಯ ದಿನ ಅವರು ಬಂದರು. ಶಲ್ಯ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತರು. ನೀಲವ್ವ ತಾನೇ ಬಕೀಟು ಹಿಡಿದು ಸಾರು ಬಡಿಸುತ್ತ ಬಂದಳು. ಅವರು ಅಂಗೈ ಒಡ್ಡಿದರು, ಅವಳು ಹಾಕಿದಳು, ಅವರು ಹೀರಿದರು. ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿ ಕೂತ ಬೀಗರ ಕಡೆಯವರೊಬ್ಬರು ಎಂದಿನಂತೆ, "ಇದು ಯಾರ ಕೈಯಾಂದ್ರೀ?" ಎಂದು ಅವರನ್ನೇ ಕೇಳಿದರು. ವಿರೂಪಾಕ್ಷಯ್ಯನವರು ಕಣ್ಣು ಬಿಡದೆ ಗದ್ದವನ್ನು ನೀಲವ್ವನ ಕಡೆಗೆ ತಿರುಗಿಸಿ ತೋರಿಸಿದರು. ಬಾಯಿಂದ ಹೇಳಲಿಲ್ಲ. ಬಾಯಿ ತುಂಬ ಸಾರಿತ್ತು.

ಆಮೇಲೆ ಕೈ ಒರೆಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಲೆಯ ಮರೆಯಲ್ಲಿ ಫೋನು ತೆಗೆದರು. ನೀರಿನ ತಂಬಿಗೆ ಹಿಡಿದ ನೆಪದಲ್ಲಿ ನಾನು ಅವರ ಹಿಂದೆ ನಿಂತು ಬಗ್ಗಿ ನೋಡಿದೆ. ಅದು ನನ್ನ ಕಸುಬು. ಸೀರೆ ಇತ್ತು, ಮಲ್ಲಿಗೆ ಇತ್ತು, ಬಳೆ ಇದ್ದವು. ಹೆಸರಿನ ಜಾಗದಲ್ಲಿ 'ನೀಲವ್ವನ ಅಡುಗೆ' ಎಂದೇ ಬಂದಿತ್ತು. ಮುಖ ಇನ್ನೂ ಅವರದೇ, ಆದರೆ ಬಲಗಡೆಯ ಮೀಸೆ ಇರಲಿಲ್ಲ, ಅಲ್ಲಿ ತುಟಿಯ ಮೇಲೆ ಬೋಳಾಗಿತ್ತು.

ಎಡಗಡೆಯದು ಹಾಗೆಯೇ ಇತ್ತು. ಅವರು ಒಂದು ಗಳಿಗೆ ಅದನ್ನೇ ದಿಟ್ಟಿಸಿ, ಫೋನನ್ನು ಜೇಬಿಗೆ ಇಳಿಸಿ, "ನೀಲವ್ವಾ, ಇನ್ನೊಂದಿಷ್ಟು ಸಾರು ತಾರವಾ" ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಕೂಗಿದರು.